ಹೌದಪ್ಪನಿಗೆ ಒಂದು ಇಂಗ್ಲಿಷ್ ಪದ

ನಮ್ಮ ದರ್ಜಿ ಅಂಗಡಿಯ ಕೌಂಟರಿಗೆ ಹೊಸದಾಗಿ ಬಂದವನು ಯಜಮಾನರ ಹೆಗಲ ಮೇಲಿಂದ ದಾರದ ಎಳೆಯೊಂದನ್ನು ತೆಗೆದು ಹಾಕಿದ್ದನ್ನು ನಾನು ಮೊದಲ ವಾರದಲ್ಲೇ ನೋಡಿದೆ. ದರ್ಜಿ ಅಂಗಡಿಯಲ್ಲಿ ದಾರದ ಎಳೆಗೆ ಬರವಿಲ್ಲ, ಎಲ್ಲರ ಮೈಮೇಲೂ ಇರುತ್ತದೆ. ಆದರೆ ಅವತ್ತು ಯಜಮಾನರ ಹೆಗಲ ಮೇಲೆ ದಾರ ಇರಲಿಲ್ಲ. ನಾನು ಮೂರು ಅಡಿ ದೂರದಲ್ಲಿ ಕತ್ತರಿ ಹಿಡಿದು ನಿಂತಿದ್ದೆ. ಅವರು ಕಪ್ಪು ಕೋಟು ತೊಟ್ಟಿದ್ದರು. ಕಪ್ಪು ಬಟ್ಟೆಯ ಮೇಲೆ ಒಂದು ಕೂದಲಿದ್ದರೂ ನನ್ನ ಕಣ್ಣಿಗೆ ಬೀಳುತ್ತದೆ, ಐವತ್ತು ವರ್ಷದಿಂದ ಆ ಕಣ್ಣಿಗೆ ಅದೇ ಕೆಲಸ. ಅವನು ಎರಡು ಬೆರಳಲ್ಲಿ ಏನನ್ನೋ ಹಿಡಿದಂತೆ ಮಾಡಿ, ಬೆಳಕಿಗೆ ಎತ್ತಿ ನೋಡಿ, ಉಫ್ ಎಂದು ಊದಿಬಿಟ್ಟ. ಯಜಮಾನರು "ಥ್ಯಾಂಕ್ಸ್ ಕಣಯ್ಯ" ಅಂದರು. ಅವರು ಒಳಗೆ ಹೋದ ಮೇಲೆ ನಾನು ಬಗ್ಗಿ ನೆಲ ನೋಡಿದೆ. ಏನೂ ಬಿದ್ದಿರಲಿಲ್ಲ.

ಅವತ್ತಿನಿಂದ ಅವನ ಮೇಲೆ ನನ್ನದೊಂದು ಕಣ್ಣು.

ನಾನು ಆ ಅಂಗಡಿಯ ಕಟಿಂಗ್ ಮಾಸ್ಟರ್. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವನು. ಅಂಕಿ ಬರುತ್ತದೆ, ಕನ್ನಡ ಕೂಡಿಸಿಕೊಂಡು ಓದುತ್ತೇನೆ, ಇಂಗ್ಲಿಷ್ ಎಂದರೆ ಬಟ್ಟೆಯ ಅಂಚಿನಲ್ಲಿ ನೇಯ್ದಿರುವ ಮಿಲ್ಲಿನ ಹೆಸರಿನ ಆಕಾರ ಅಷ್ಟೇ. ನನ್ನ ಮಗಳು ಓದಿದವಳು. ಮೂರು ವರ್ಷ ಗಂಡನ ಮನೆಯಲ್ಲಿದ್ದು ವಾಪಸ್ಸು ಬಂದ ಮೇಲೆ ನಮ್ಮ ಅಂಗಡಿಯಲ್ಲೇ ಅಳತೆ ಪುಸ್ತಕ ಬರೆಯುವ ಕೆಲಸಕ್ಕೆ ಸೇರಿದಳು. ಈಗ ಅವಳಿಗೆ ಮೂವತ್ತೈದು. ನಾನು ಟೇಪು ಹಿಡಿದು ಕೂಗುತ್ತೇನೆ, ಅವಳು ಬರೆದುಕೊಳ್ಳುತ್ತಾಳೆ. ಮನೆಯಲ್ಲೂ ನಾವಿಬ್ಬರೇ.

ಹೊಸಬನಿಗೆ ಹೌದಪ್ಪ ಎಂದು ಹೆಸರಿಟ್ಟವನು ಹಿಂದಿನ ಕೋಣೆಯಲ್ಲಿ ಇಸ್ತ್ರಿ ಮಾಡುವವನು. ಅವನ ಬಾಯಿಗೆ ಬೀಗ ಇಲ್ಲ.

"ಮಾಸ್ಟ್ರೇ, ನನ್ನ ಕೈಲಿ ಇಸ್ತ್ರಿಪೆಟ್ಟಿಗೆ ಇದೆ, ಅವನಿಗೆ ನಾಲಿಗೇನೇ ಇಸ್ತ್ರಿಪೆಟ್ಟಿಗೆ. ಯಾರ ಹಣೇಲೂ ಒಂದು ಸುಕ್ಕು ನಿಲ್ಲೋಕೆ ಬಿಡಲ್ಲ."

"ನಿಂಗೂ ಏನಾದ್ರೂ ಹೇಳಿದ್ನಾ?"

"ನಿಮ್ಮಷ್ಟು ಚೂಪಾಗಿ ಮಡಿಕೆ ಕೂರಿಸೋರನ್ನ ನೋಡಿಲ್ಲ ಅಂದ. ಸುಳ್ಳು ಅಂತ ಗೊತ್ತು. ಆದ್ರೂ ಅವತ್ತೆಲ್ಲಾ ಮಡಿಕೆ ಚೂಪಾಗೇ ಕೂತ್ವು ನೋಡಿ."

ಹೌದಪ್ಪನ ವಯಸ್ಸು ನಲವತ್ತರ ಹತ್ತಿರ. ತೆಳ್ಳಗೆ, ಸ್ವಲ್ಪ ಗೂನು. ಮೆಟ್ಟಿಲ ಮೇಲೆ ಯಜಮಾನರ ಹೆಜ್ಜೆ ಕೇಳಿದ ಕೂಡಲೇ ಬಾಗಿಲ ಹತ್ತಿರ ಇರುತ್ತಿದ್ದ. ಯಜಮಾನರು ಕಿಟಕಿಯಲ್ಲಿ ಬೂದಿ ಬಣ್ಣದ ಬಟ್ಟೆಯ ಥಾನು ಇಡೋಣ ಅಂದರೆ "ಅದೇ ನಾನೂ ಅಂದ್ಕೊಂಡೆ" ಅನ್ನುವನು. ಹತ್ತು ನಿಮಿಷ ಬಿಟ್ಟು ಅವರೇ ಬೂದಿ ಬೇಡ, ನೀಲಿ ಇಡು ಅಂದರೆ "ನನ್ನ ಬಾಯಲ್ಲಿ ಇದ್ದದ್ದನ್ನ ಹೇಳಿಬಿಟ್ರಿ" ಅನ್ನುವನು. ಒಂದು ದಿನ ಯಜಮಾನರು ಕೆಮ್ಮಿದರು. "ನಿಮ್ಮ ಕೆಮ್ಮಲ್ಲೂ ಒಂದು ಗತ್ತಿದೆ ಯಜಮಾನ್ರೇ" ಅಂದ. ಒಳಗೆ ಇಸ್ತ್ರಿಯವನು ನಗು ತಡೆಯಲಾರದೆ ಬಟ್ಟೆಗೆ ನೀರು ಚಿಮುಕಿಸುವ ಡಬ್ಬ ಕೆಳಗೆ ಬೀಳಿಸಿದ.

ನಾನು ನಗಲಿಲ್ಲ. ನನಗೆ ಹಳೆಯದು ನೆನಪಿತ್ತು. ಈಗಿನ ಯಜಮಾನರ ತಂದೆಯ ಕಾಲದಲ್ಲಿ ಇಂಥವನೇ ಒಬ್ಬ ಇದ್ದ, ಜೇನು ಎಂದು ಕರೆಯುತ್ತಿದ್ದೆವು. ಅವನ ಮಾತಿಗೆ ದೊಡ್ಡ ಯಜಮಾನರು ಕರಗಿಹೋಗಿದ್ದರು. ಒಂದು ಸೋಮವಾರ ಜೇನು ಬರಲಿಲ್ಲ. ಆ ತಿಂಗಳೇ ಹಿಂದಿನ ಬೀದಿಯಲ್ಲಿ ಅವನ ಸ್ವಂತ ಅಂಗಡಿ ಎದ್ದಿತು. ನಮ್ಮ ಅಳತೆ ಪುಸ್ತಕದ ಅರ್ಧದಷ್ಟು ಪುಟಗಳನ್ನು ಅವನು ಊಟದ ಹೊತ್ತಿನಲ್ಲಿ ಕೂತು ನಕಲು ಮಾಡಿಕೊಂಡಿದ್ದ. ದರ್ಜಿಗೆ ಗಿರಾಕಿ ಎಂದರೆ ಅವನ ಅಳತೆಯೇ. ಅದು ಹೋದರೆ ಮನುಷ್ಯನೂ ಹೋದ. ಅಲ್ಲಿಂದ ಮುಂದೆ ದೊಡ್ಡ ಯಜಮಾನರು ಒಂದು ಕಟ್ಟಳೆ ಮಾಡಿದರು. ಅಳತೆ ಪುಸ್ತಕ ಕಟಿಂಗ್ ಮಾಸ್ಟರನದು. ಯಜಮಾನನ ಮಗನೂ ಅದನ್ನು ಮುಟ್ಟಬಾರದು. ಮಗ ಆವರೆಗೂ ಅದನ್ನು ಮೀರಿರಲಿಲ್ಲ.

ಹಾಗಿರುವಾಗ ಹೌದಪ್ಪ ಬಂದ ಎಂಟನೇ ತಿಂಗಳಲ್ಲಿ, ನಾನು ಕೈ ತೊಳೆದು ಬರುವಷ್ಟರಲ್ಲಿ, ಅವನು ನನ್ನ ಮಗಳ ಮೇಜಿನ ಮುಂದೆ ನಿಂತು ಅಳತೆ ಪುಸ್ತಕದ ಪುಟ ತಿರುಗಿಸುತ್ತಿದ್ದ. ಅವಳು ಎದುರಿಗೇ ಕೂತಿದ್ದಳು.

"ಏನಪ್ಪ ಅದು?" ಅಂದೆ.

"ಏನಿಲ್ಲ ಮಾಸ್ಟ್ರೇ. ಅಕ್ಷರ ನೋಡ್ತಿದ್ದೆ. ಅಂಕಿನೂ ಇಷ್ಟು ಚೆನ್ನಾಗಿ ಬರೀಬಹುದು ಅಂತ ಗೊತ್ತಿರಲಿಲ್ಲ."

ಮಗಳು ತಲೆ ಬಗ್ಗಿಸಿದಳು. "ಯಜಮಾನರೇ ಇದನ್ನ ಮುಟ್ಟಲ್ಲ" ಎಂದು ನಾನು ಪುಸ್ತಕ ಮುಚ್ಚಿ ಕಟಿಂಗ್ ಟೇಬಲ್ಲಿನ ಕೆಳಗಿನ ಡ್ರಾಯರಿನಲ್ಲಿಟ್ಟೆ. ಅವನು ಯಾವುದಕ್ಕೆ ಬಂದಿದ್ದಾನೆ, ಪುಸ್ತಕಕ್ಕೋ ಇನ್ನೊಂದಕ್ಕೋ, ಎಂದು ರಾತ್ರಿಯ ಊಟದವರೆಗೂ ಯೋಚಿಸಿದೆ.

ಇಂಗ್ಲಿಷ್ ಪದ ನನಗೆ ಸಿಕ್ಕಿದ್ದು ಆ ವಾರವೇ. ಎದುರು ಬೀದಿಯ ಟೀಚರಮ್ಮ ಬಂದಿದ್ದರು. ನಲವತ್ತು ವರ್ಷ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ಉಣ್ಣೆ ಕೋಟಿನ ಮೊಣಕೈ ಸವೆದಿತ್ತು, ತೇಪೆ ಹಾಕಿಸಬೇಕಿತ್ತು. ಹೌದಪ್ಪ ಕೋಟನ್ನು ಎರಡೂ ಕೈಯಲ್ಲಿ ಹಸುಗೂಸಿನಂತೆ ತೆಗೆದುಕೊಂಡು, "ಕೋಟಿಗೆ ವಯಸ್ಸಾಗಿದೆ, ನಿಮಗೆ ಆಗಿಲ್ಲವಲ್ಲ ಟೀಚರಮ್ಮ" ಅಂದ. ಅವರು ಕನ್ನಡಕದ ಮೇಲಿನಿಂದ ಅವನನ್ನು ನೋಡಿದರು, ನಕಲು ಹೊಡೆದ ಉತ್ತರ ಪತ್ರಿಕೆ ನೋಡುವಂತೆ. ಆಮೇಲೆ ನನ್ನ ಟೇಬಲ್ಲಿನ ಹತ್ತಿರ ಬಂದು ಸಣ್ಣ ದನಿಯಲ್ಲಿ ಅಂದರು:

"ನಿಮ್ಮ ಹೊಸ ಮನುಷ್ಯ ಅಬ್‌ಸೀಕ್ವಿಯಸ್."

"ಬೈಗುಳನಾ ಟೀಚರಮ್ಮ?"

"ಅರ್ಧ."

"ಬೆಣ್ಣೆ ಹಚ್ಚೋನು ಅಂತಲಾ?"

"ಬೆಣ್ಣೆ ಹಚ್ಚೋದು ಬರೀ ಬಾಯಿ ಮಾತು. ಇದು ಅಷ್ಟೇ ಅಲ್ಲ. ನಿಲ್ಲೋದು, ಬಗ್ಗೋದು, ನಗೋದು, ಓಡಿ ಬಂದು ಬಾಗಿಲು ತೆಗೆಯೋದು, ಎಲ್ಲಾ ಸೇರುತ್ತೆ. ಬೇಕಾದ್ದಕ್ಕಿಂತ ಒಂದು ಗೇಣು ಹೆಚ್ಚು ಬಗ್ಗೋನು. ಕೊಡದೇ ಇರೋ ಅಪ್ಪಣೆಗೂ ಓಡೋನು. ಅವನ ನಗು ಅಬ್‌ಸೀಕ್ವಿಯಸ್ ಅನ್ನಬಹುದು, ಅವನ ಸಲಾಮು ಅಬ್‌ಸೀಕ್ವಿಯಸ್ ಅನ್ನಬಹುದು."

"ಅಂದ್ರೆ ಯಾರು ಹೊಗಳಿದ್ರೂ ಇದನ್ನ ಹೇಳಬಹುದು."

"ಇಲ್ಲಿ ತಪ್ತಾರೆ ಎಲ್ಲರೂ. ಗೆಳೆಯ ಗೆಳೆಯನ್ನ ಹೊಗಳಿದ್ರೆ ಈ ಪದ ಬರಲ್ಲ. ತಾಯಿ ಮಗುನ ಹೊಗಳಿದ್ರೆ ಬರಲ್ಲ. ಕೆಳಗಿರೋನು ಮೇಲಿರೋನ ಮುಂದೆ ಮಾಡಬೇಕು. ಹೋಟೆಲ್ಲಿನ ಮಾಣಿ, ಗುಮಾಸ್ತ, ಅಂಗಡಿ ಆಳು, ಇಂಥೋರಿಗೇ ಹೆಚ್ಚು ಹೇಳೋದು."

"ಮೇಲಿರೋನು ಕೆಳಗಿರೋನಿಗೆ ಮಾಡಿದ್ರೆ?"

"ಅದಕ್ಕೆ ದೊಡ್ಡತನ ಅಂತಾರೆ" ಎಂದು ಟೀಚರಮ್ಮ ನಕ್ಕರು. ಹೊರಡುವ ಮೊದಲು ಇನ್ನೊಂದು ಮಾತು ಸೇರಿಸಿದರು. ಬಹಳ ಹಿಂದೆ ಅದು ಒಳ್ಳೆಯ ಪದವೇ ಆಗಿತ್ತಂತೆ. ಹೇಳಿದ ಮಾತು ಕೇಳಿಕೊಂಡು ಹಿಂದೆ ನಡೆಯುವವನು ಎಂಬ ಅರ್ಥ. ಆಮೇಲೆ ಯಾವಾಗಲೋ ಕೆಟ್ಟುಹೋಯಿತು.

ಮಗಳ ಕೈಯಲ್ಲಿ ಆ ಪದವನ್ನು ಕನ್ನಡ ಅಕ್ಷರದಲ್ಲಿ ಪ್ಯಾಟರ್ನ್ ಕಾಗದದ ಚೂರಿನ ಮೇಲೆ ಬರೆಸಿಕೊಂಡೆ. ಯಾಕೆ ಎಂದು ಅವಳು ಕೇಳಲಿಲ್ಲ. ಬರೆದು ಕೊಟ್ಟು, "ಯಾರಿಗೆ ಅಂತ ಗೊತ್ತು" ಅಂದಳು. ಇಸ್ತ್ರಿಯವನಿಗೆ ಹೇಳಿದೆ. ಅವನು ನಾಲ್ಕು ಸಲ ಬಾಯಲ್ಲಿ ಹೊರಳಿಸಿ, "ಅವನಿಗೆ ಇಷ್ಟು ಉದ್ದದ ಬಟ್ಟೆ ಯಾಕೆ ಮಾಸ್ಟ್ರೇ, ಹೌದಪ್ಪ ಅನ್ನೋದೇ ಅಳತೆಗೆ ಸರಿಯಾಗಿದೆ" ಅಂದ. ನನಗೆ ಮಾತ್ರ ಆ ಪದ ಜೇಬಿನಲ್ಲಿದ್ದದ್ದು ಒಂದು ಬಲ. ಅಷ್ಟು ದಿನ ಬರೀ ಅನುಮಾನವಿತ್ತು. ಈಗ ಓದಿದವರ ಮೊಹರು ಬಿದ್ದಂತಾಯಿತು.

ಮುಂದಿನ ಶುಕ್ರವಾರ ಯಜಮಾನರು ನನ್ನನ್ನು ಥಾನುಗಳನ್ನಿಡುವ ಕೋಣೆಗೆ ಕರೆದರು. ನಾವಿಬ್ಬರೂ ಹೆಚ್ಚುಕಡಿಮೆ ಒಂದೇ ವಯಸ್ಸಿನವರು, ಹುಡುಗರಾಗಿದ್ದಾಗ ಅದೇ ಕೋಣೆಯಲ್ಲಿ ಗೋಲಿ ಆಡಿದ್ದೇವೆ. ಆದರೂ ಅವರು ನೀನು ಅನ್ನುತ್ತಾರೆ, ನಾನು ನೀವು ಅನ್ನುತ್ತೇನೆ. ಅದು ಹಾಗೇ ಬಂದದ್ದು.

"ನಮ್ಮ ಕೌಂಟರಿನವನು ನಿನ್ನ ಮಗಳನ್ನ ಕೇಳ್ತಿದ್ದಾನೆ" ಅಂದರು. "ನಿನ್ನ ಹತ್ರ ನೇರವಾಗಿ ಬರೋಕೆ ಭಯವಂತೆ. ನನ್ನ ಕೈಲಿ ಹೇಳಿಸ್ತಿದ್ದಾನೆ."

ನಾನು ಒಂದು ಥಾನಿನ ಬಿಚ್ಚಿದ ಅಂಚನ್ನು ಸುತ್ತಿಟ್ಟೆ.

"ಒಳ್ಳೆ ಹುಡುಗ. ಮಾತು ಸಿಹಿ."

"ಅದೇ ಯಜಮಾನ್ರೇ, ಮಾತು ಸಿಹಿ" ಅಂದೆ. "ಯೋಚನೆ ಮಾಡಿ ಹೇಳ್ತೀನಿ."

ಮನೆಗೆ ಹೋಗುವ ದಾರಿಯಲ್ಲಿ ಮಗಳಿಗೆ ಹೇಳಿದೆ. ಅವಳಿಗೆ ಮೊದಲೇ ಗೊತ್ತಿತ್ತು. ಅಡುಗೆ ಮನೆಯಲ್ಲಿ ಪಾತ್ರೆ ಒರೆಸುತ್ತಾ, ನನ್ನ ಕಡೆ ತಿರುಗದೆ ಕೇಳಿದಳು.

"ನಿಮಗೆ ಏನು ಅನ್ಸುತ್ತೆ ಅಪ್ಪ?"

"ಅವನು ಎಲ್ಲರಿಗೂ ಒಂದೇ ಥರ ಹೇಳ್ತಾನೆ ಕಣಮ್ಮ. ನಿನಗೆ ಹೇಳೋದ್ರಲ್ಲಿ ಎಷ್ಟು ನಿಜ ಅಂತ ಹೇಗೆ ಗೊತ್ತಾಗುತ್ತೆ? ಬಟ್ಟೆ ಎರಡೂ ಕಡೆ ಒಂದೇ ಥರ ಇದ್ರೆ ಯಾವುದು ಒಳಗು, ಯಾವುದು ಹೊರಗು?"

"ನೇರ ಮಾತಿನವನ ಜೊತೆ ಮೂರು ವರ್ಷ ಇದ್ದೆನಲ್ಲ ಅಪ್ಪ" ಅಂದಳು. "ಉಪ್ಪು ಜಾಸ್ತಿ ಅಂದ್ರೆ ಜಾಸ್ತೀನೇ ಇರ್ತಿತ್ತು. ದಪ್ಪ ಆಗಿದ್ದೀಯ ಅಂದ್ರೆ ಆಗಿರ್ತಿದ್ದೆ. ನಿನ್ನ ನೋಡಿದ್ರೆ ಬೇಜಾರಾಗುತ್ತೆ ಅಂದ, ಅದೂ ನಿಜವೇ ಇರಬೇಕು. ಒಂದು ಸುಳ್ಳೂ ಹೇಳಲಿಲ್ಲ. ಸಾಕಾಯ್ತು."

ಆ ನೇರ ಮಾತಿನವನನ್ನು ಹುಡುಕಿದ್ದು ನಾನು. ಮುಖಸ್ತುತಿ ಗೊತ್ತಿಲ್ಲದ ಹುಡುಗ ಎಂದು ಹೆಮ್ಮೆಯಿಂದ ಹೇಳಿಕೊಂಡು ತಿರುಗಿದ್ದೆ. ಇನ್ನೊಮ್ಮೆ ತಪ್ಪಿದರೆ ಅವಳಿಗೆ ಮೂರನೇ ಬಾಗಿಲಿಲ್ಲ. ನಾನು ಇನ್ನೆಷ್ಟು ದಿನದವನು. ಅದಕ್ಕೇ ನನಗೆ ಭಯ. ಹೌದಪ್ಪನನ್ನು ಹೇಗಾದರೂ ಒರೆಗೆ ಹಚ್ಚಿ ನೋಡಬೇಕು ಅನ್ನಿಸಿತು.

ಇಲ್ಲಿ ನಮ್ಮ ಅಂಗಡಿಯ ಒಂದು ಪದ್ಧತಿ ಹೇಳಬೇಕು. ಹೊಟ್ಟೆ ಬಂದ ಗಿರಾಕಿಯ ಸೊಂಟ ಅಳೆಯುವಾಗ ನಾವು ಇದ್ದದ್ದನ್ನು ಕೂಗುವುದಿಲ್ಲ. ಎರಡು ಇಂಚು ಕಡಿಮೆ ಕೂಗಿ ಕೊನೆಗೆ 'ಮಾತ್ರ' ಅನ್ನುತ್ತೇವೆ. ನಲವತ್ನಾಲ್ಕು ಇದ್ದರೆ "ನಲವತ್ತೆರಡು ಮಾತ್ರ." ಗಿರಾಕಿ ಕನ್ನಡಿಯಲ್ಲಿ ನೋಡಿಕೊಂಡು ನೆಟ್ಟಗಾಗುತ್ತಾನೆ. ಬರೆಯುವವರು 'ಮಾತ್ರ' ಕೇಳಿಸಿಕೊಂಡು ಎರಡು ಸೇರಿಸಿ ನಲವತ್ನಾಲ್ಕೇ ಬರೆಯುತ್ತಾರೆ. ಬಟ್ಟೆ ಸರಿಯಾಗಿ ಕೂರುತ್ತದೆ, ಮನುಷ್ಯನೂ ಸಂತೋಷವಾಗಿ ಹೋಗುತ್ತಾನೆ. ದೊಡ್ಡ ಯಜಮಾನರು ಕಲಿಸಿದ್ದು. ಇದು ಹೊಗಳಿಕೆಯೆಂದು ನಮಗೆ ಯಾವತ್ತೂ ಅನ್ನಿಸಿರಲಿಲ್ಲ. ಗುಂಡಿಗೆ ಕಾಜ ಇದ್ದಂತೆ, ಕೆಲಸದ ಒಂದು ಭಾಗ.

ತೊಡಕು ಇದ್ದದ್ದು ಯಜಮಾನರ ಅಳತೆಯಲ್ಲಿ. ಅಂಗಡಿ ಶುರುವಾದ ದಿನಕ್ಕೆಂದು ಅವರು ಪ್ರತಿ ವರ್ಷ ಒಂದು ಹೊಸ ಕೋಟು ಸೂಟು ಹೊಲಿಸುತ್ತಾರೆ. 'ಮಾತ್ರ'ದ ಗುಟ್ಟು ಅವರಿಗೆ ಗೊತ್ತು, ಅವರ ತಂದೆಯದೇ ಗುಟ್ಟು. ಹಾಗಾಗಿ ಅವರ ಮೇಲೆ ಅದು ನಡೆಯುವುದಿಲ್ಲ. ಇಪ್ಪತ್ತಾರು ವರ್ಷದ ಹಿಂದೆ ಅವರ ಸೊಂಟ ಮೊದಲ ಸಲ ಮೂವತ್ತೆಂಟು ದಾಟಿದಾಗ, ಅವರ ಮುಖ ನೋಡಿ, ನಾನು ಬರೀ "ಮೂವತ್ತೆಂಟು" ಎಂದು ಕೂಗಿಬಿಟ್ಟೆ. ಅವರು ಖುಷಿಯಾದರು. ಮುಂದಿನ ವರ್ಷವೂ ಅದೇ ಕೂಗಿದೆ. ಈಗಲೂ ಅದೇ ಕೂಗುತ್ತೇನೆ. ನಿಜವಾದ ಅಂಕಿಯನ್ನು ಆಮೇಲೆ ನಾನೇ ಪುಸ್ತಕದಲ್ಲಿ ಬರೆದಿಡುತ್ತೇನೆ. ನನ್ನ ಸೊಂಟ ಮೂವತ್ತೆಂಟರ ಮೇಲೆ ಹೋಗಿಲ್ಲ ಎಂದು ಯಜಮಾನರು ಗಿರಾಕಿಗಳ ಮುಂದೆ ಹೇಳಿಕೊಳ್ಳುವುದುಂಟು.

ಆ ವರ್ಷದ ಅಳತೆ ಬರುವ ಸೋಮವಾರಕ್ಕಿತ್ತು. ಟೇಪನ್ನು ಹೌದಪ್ಪನ ಕೈಗೆ ಕೊಟ್ಟರೆ ಹೇಗೆ ಎಂದು ಲೆಕ್ಕ ಹಾಕಿದೆ. ಅವನು ನಿಜ ಹೇಳಿದರೆ ಯಜಮಾನರಿಗೆ ಉರಿಯುತ್ತದೆ, ಅವನ ಪರವಾಗಿ ಆಡುವ ಮಾತು ಅಲ್ಲಿಗೆ ನಿಲ್ಲುತ್ತದೆ. ಸುಳ್ಳು ಹೇಳಿದರೆ ಮಗಳ ಕಣ್ಣೆದುರಿಗೇ ಅವನ ಬಣ್ಣ ಬಯಲಾಗುತ್ತದೆ. ಎರಡು ಕಡೆಯಿಂದಲೂ ಕತ್ತರಿ. ಯೋಚನೆ ಮಾಡಿ ಮಾಡಿ ಚೆನ್ನಾಗಿದೆ ಅನ್ನಿಸಿತು. ಆಗ ನನಗೆ ಅದರಲ್ಲಿ ಕೆಟ್ಟದ್ದು ಕಾಣಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಕಂಡಿತ್ತು.

ಸೋಮವಾರ ಬೆಳಿಗ್ಗೆ ಯಜಮಾನರು ಕನ್ನಡಿಯ ಮುಂದೆ ನಿಂತರು. ಮಗಳು ಪುಸ್ತಕ ತೆರೆದು ಪೆನ್ನು ಹಿಡಿದಳು.

"ಯಾಕೋ ಬೆರಳ ಗಂಟು ಹಿಡ್ಕೊಂಡಿದೆ" ಎಂದು ನಾನು ಕೌಂಟರಿನ ಕಡೆ ಟೇಪು ಚಾಚಿದೆ. "ಇವತ್ತು ಸೊಂಟ ನೀನು ನೋಡಪ್ಪ."

ಹೌದಪ್ಪ ಬಂದ. ಟೇಪು ತೆಗೆದುಕೊಳ್ಳುವಾಗ ನನ್ನ ಮುಖ ನೋಡಿದ, ಸ್ವಲ್ಪ ಹೆಚ್ಚೇ ಹೊತ್ತು. ಮಗಳೂ ನನ್ನನ್ನು ನೋಡಿದಳು. ಅವಳಿಗೆ ತಿಳಿಯಿತು, ಪೆನ್ನು ಕೆಳಗಿಟ್ಟಳು.

ಅವನು ಯಜಮಾನರ ಸುತ್ತ ಟೇಪು ತಂದು ಮುಂದೆ ಕೂಡಿಸಿದ. ನಲವತ್ತೆರಡೂವರೆ. ನಾನು ನಿಂತಲ್ಲಿಗೇ ಕಾಣುತ್ತಿತ್ತು.

"ಪುಸ್ತಕದಲ್ಲಿ ಇರೋದೇ ಇದೆ ಯಜಮಾನ್ರೇ" ಅಂದ. "ಏನೂ ಬದಲಾಗಿಲ್ಲ."

"ಅದು ನಂಗೆ ಗೊತ್ತು. ಎಷ್ಟು, ಬಾಯಿ ಬಿಟ್ಟು ಹೇಳು."

"ಹೋದ ವರ್ಷ ಪುಸ್ತಕದಲ್ಲಿ ಬರೆದದ್ದೇ."

"ಏನಯ್ಯ ಇದು, ಪುಸ್ತಕ ಪುಸ್ತಕ ಅಂತೀಯ" ಎಂದು ಯಜಮಾನರು ನಗುತ್ತಲೇ ಮಗಳ ಮೇಜಿನ ಕಡೆ ಕೈ ಚಾಚಿದರು. "ಕೊಡಮ್ಮ ಇಲ್ಲಿ, ಏನಿದೆ ನೋಡೋಣ."

ನಲವತ್ತು ವರ್ಷದ ಕಟ್ಟಳೆ. ಅವರಿಗೂ ನೆನಪಿತ್ತು, ಕೈ ಚಾಚಿದ ಮೇಲೆ ಒಂದು ಗಳಿಗೆ ತಡೆದರು. ಮಗಳು ನನ್ನನ್ನು ನೋಡಿದಳು. ಬೇಡ ಅನ್ನುವ ಬಾಯಿ ನನಗೆ ಬರಲಿಲ್ಲ. ಅವರು ಕನ್ನಡಕ ಹಾಕಿಕೊಂಡರು. ಅವರ ಹೆಸರಿನ ಪುಟದಲ್ಲಿ ಸೊಂಟದ ಸಾಲು ನನ್ನ ಕೈ ಬರಹದ್ದು, ದಪ್ಪ ದಪ್ಪ ಅಂಕಿ. ಮೂವತ್ತೊಂಬತ್ತು. ಮೂವತ್ತೊಂಬತ್ತೂವರೆ. ನಲವತ್ತು, ಮೂರು ಸಲ. ಅವರ ಬೆರಳು ಒಂದೊಂದರ ಮೇಲೂ ನಿಂತು ಕೆಳಗಿಳಿಯಿತು. ಹಿಂದಿನ ಕೋಣೆಯಲ್ಲಿ ಒದ್ದೆ ಬಟ್ಟೆಯ ಮೇಲೆ ಇಸ್ತ್ರಿ ಸುಂಯ್ ಅಂದಿತು. ಕೊನೆಯ ಅಂಕಿಯ ಹತ್ತಿರ ಬಂದು, ಪುಸ್ತಕ ಮುಚ್ಚಿ ಮಗಳಿಗೆ ಕೊಟ್ಟರು.

"ಮಾಸ್ಟ್ರೇ, ಸ್ವಲ್ಪ ಒಳಗೆ ಬಾ."

ಥಾನುಗಳ ಕೋಣೆಯಲ್ಲಿ ಅವರು ಸ್ಟೂಲಿನ ಮೇಲೆ ಕೂತರು. ನಾನು ನಿಂತೆ.

"ನಾನು ಯಾರ ಮಗ?"

"ದೊಡ್ಡ ಯಜಮಾನರ ಮಗ."

"ದರ್ಜಿ ಮಗ. ಮೂವತ್ತೆಂಟರ ಪ್ಯಾಂಟು ಮೈಮೇಲೆ ಹೇಗಿರುತ್ತೆ, ನಲವತ್ತೆರಡರದ್ದು ಹೇಗಿರುತ್ತೆ ಅಂತ ದರ್ಜಿ ಮಗನಿಗೆ ಗೊತ್ತಾಗಲ್ವಾ?"

"ಗೊತ್ತಿತ್ತಾ ಯಜಮಾನ್ರೇ?"

"ಎರಡನೇ ವರ್ಷಕ್ಕೇ ಗೊತ್ತಿತ್ತು. ನೀನು ಅಷ್ಟು ಗಂಭೀರವಾಗಿ ಕೂಗ್ತಿದ್ದೆ. ಯಾಕಯ್ಯ ಸುಳ್ಳು ಹೇಳ್ತೀಯ ಅನ್ನೋಕೆ ಮನಸ್ಸು ಬರಲಿಲ್ಲ. ಆಮೇಲಾಮೇಲೆ ಅದನ್ನ ಕೇಳೋದು ನಂಗೂ ಚೆನ್ನಾಗಿತ್ತು." ಸ್ವಲ್ಪ ಹೊತ್ತು ಮೊಣಕಾಲು ಸವರಿಕೊಂಡರು. "ಆದ್ರೆ ನೀನು ಬರೆದಿಟ್ಟಿರೋದನ್ನ ಸಾಲಾಗಿ ಓದೋದು ಬೇರೆ. ಅದು ಬೇಕಾಗಿರಲಿಲ್ಲ."

"ತಪ್ಪಾಯ್ತು."

"ಅವನ ಕೈಗೆ ಟೇಪು ಯಾಕೆ ಕೊಟ್ಟೆ?"

"ಬೆರಳ ಗಂಟು, ಯಜಮಾನ್ರೇ."

"ಹೌದಾ?"

"ಹೌದು ಯಜಮಾನ್ರೇ."

ಆ 'ಹೌದು' ನನ್ನ ಕಿವಿಗೇ ಕೇಳಿಸಿತು. ಅವರು ಹೋಗು ಎಂದು ಕೈ ಮಾಡಿದರು. ಟೀಚರಮ್ಮ ಹೇಳಿದ ಅರ್ಥವನ್ನು ಬಾಗಿಲು ದಾಟುವಷ್ಟರಲ್ಲಿ ಇನ್ನೊಮ್ಮೆ ಮನಸ್ಸಿನಲ್ಲಿ ಓಡಿಸಿದೆ. ಕೆಳಗಿರುವವನು, ಮೇಲಿರುವವನ ಮುಂದೆ, ಬೇಕಾದ್ದಕ್ಕಿಂತ ಹೆಚ್ಚು, ಕೇಳದೇ ಇದ್ದಾಗಲೂ. ಎಲ್ಲಿಯೂ ಬಿಗಿಯಿಲ್ಲ, ಎಲ್ಲಿಯೂ ಸಡಿಲವಿಲ್ಲ, ನನಗೇ ಹೊಲಿದಂತೆ ಕೂತಿತು. ಹೌದಪ್ಪ ಬಂದು ಎಂಟು ತಿಂಗಳಾಗಿತ್ತು. ನನ್ನದು ಇಪ್ಪತ್ತಾರು ವರ್ಷ.

ಹಾಗೆಂದು ಅನುಮಾನ ಹೋಯಿತೇ ಎಂದರೆ ಇಲ್ಲ, ಇನ್ನೂ ಚೂಪಾಯಿತು. ಅವನು ಅಳತೆ ಪುಸ್ತಕ ತಿರುಗಿಸಿ ನೋಡಿದ್ದನ್ನು ನಾನೇ ಕಂಡಿದ್ದೆ. ಒಳಗೇನಿದೆ ಎಂದು ಗೊತ್ತಿದ್ದವನು. 'ಪುಸ್ತಕದಲ್ಲಿ ಇರೋದೇ' ಎಂದು ಅಂದದ್ದು ಬೆಪ್ಪುತನವೋ, ಇಲ್ಲ ಬೆಣ್ಣೆಯಲ್ಲಿ ಸುತ್ತಿ ಇಟ್ಟ ಚಾಕುವೋ? ನಾನು ಕತ್ತರಿಯ ಎರಡು ಅಲಗು ಹಿಡಿದು ಕಾದಿದ್ದೆ. ಅವನು ಮೂರನೆಯದನ್ನು ತೆಗೆದು ನನಗೇ ಹಾಕಿದನೇ?

ಮಗಳು ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಮೂರನೇ ದಿನ ಅಂದಳು:

"ಭಾನುವಾರ ಅವರನ್ನ ಮನೆಗೆ ಕರೆದಿದ್ದೀನಿ. ಏನು ಕೇಳಬೇಕೋ ಬಾಯಿ ಬಿಟ್ಟು ಕೇಳಿ. ಟೇಪು ಕೊಡಬೇಡಿ."

ಭಾನುವಾರ ನಾಲ್ಕು ಗಂಟೆಗೆ ಅವನು ಬಂದ. ನಮ್ಮದು ಎರಡನೇ ಮಹಡಿಯಲ್ಲಿ ಒಂದೂವರೆ ಕೋಣೆಯ ಮನೆ. ಗೋಡೆಯ ಒಂದು ಮೂಲೆ ತೇವ ಹೀರಿ ಉಬ್ಬಿದೆ. ಅವನು ಕುರ್ಚಿಯ ಅಂಚಿಗೆ ಕೂತು ಕೈ ಎರಡನ್ನೂ ತೊಡೆಯ ಕೆಳಗೆ ಇಟ್ಟುಕೊಂಡ. ನಾನು ಕಾದೆ, ಮನೆ ಎಷ್ಟು ಗಾಳಿ ಬೆಳಕಾಗಿದೆ ಅನ್ನುತ್ತಾನೆ ಎಂದು. ಅನ್ನಲಿಲ್ಲ. ಗೋಡೆಗೆ ನನ್ನ ಹೆಂಡತಿಯ ಫೋಟೋ ಇತ್ತು. ಅದನ್ನು ನೋಡಿದ, ಬಾಯಿ ತೆರೆದ, ಮಗಳ ಕಡೆ ನೋಡಿ ಮುಚ್ಚಿದ. ಮಗಳು ಟೀ ತಂದು ಕೊಟ್ಟಳು. ಒಂದು ಗುಟುಕು ಕುಡಿದು ಮತ್ತೆ ಬಾಯಿ ತೆರೆದು ಮುಚ್ಚಿದ. ಅವನ ಹಣೆಯ ಮೇಲೆ ಬೆವರು ಬಂದಿತ್ತು.

"ಟೀ ಹೇಗಿದೆಯಪ್ಪ?" ಅಂದೆ.

"ಬಿಸಿ ಇದೆ."

"ಮತ್ತೆ?"

"ಲೋಟದ ತುಂಬಾ ಇದೆ."

ಮಗಳು ಅಡುಗೆ ಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು. "ನಾನೇ ಹೇಳಿದ್ದೀನಿ ಅಪ್ಪ" ಅಂದಳು. "ನಮ್ಮಪ್ಪನ ಮುಂದೆ ಒಂದೂ ಒಳ್ಳೆ ಮಾತು ಆಡಬಾರದು ಅಂತ."

ಅವಳು ಹೇಳಿದ್ದಕ್ಕೆ ಒಪ್ಪಿಕೊಂಡು ಕೂತಿದ್ದಾನೆ ಎಂದರೆ ಇದೂ ಓಲೈಕೆಯೇ ಅಲ್ಲವೇ ಎಂದು ನನ್ನ ಮನಸ್ಸು ಕೇಳಿತು. ಅದಕ್ಕೆ ಸುಮ್ಮನಿರುವುದು ಗೊತ್ತಿಲ್ಲ. ಆದರೆ ಓಲೈಸುವವನು ಇಷ್ಟು ಬೆವರುವುದನ್ನು ನಾನು ನೋಡಿರಲಿಲ್ಲ.

"ಒಂದೇ ಒಂದು ಕೇಳ್ತೀನಿ" ಅಂದೆ. "ಅವತ್ತು ಪುಸ್ತಕದಲ್ಲಿ ಇರೋದೇ ಅಂದೆಯಲ್ಲ. ಏನಿದೆ ಅಂತ ಗೊತ್ತಿದ್ದೇ ಅಂದೆಯಾ?"

ಅವನು ಮಗಳ ಕಡೆ ನೋಡಿದ. "ಹೇಳಿ" ಅಂದಳು.

"ಗೊತ್ತಿತ್ತು ಮಾಸ್ಟ್ರೇ."

"ನನ್ನ ಮರ್ಯಾದೆ ಹೋಗಲಿ ಅಂತ?"

"ಇಲ್ಲ." ಲೋಟ ಕೆಳಗಿಟ್ಟ. "ನೀವು ಟೇಪು ಕೊಡುವಾಗ ನಿಮ್ಮ ಮುಖ ನೋಡಿದೆ. ಏನು ಹೇಳಿದ್ರೂ ನಾನು ಕೆಡ್ತೀನಿ ಅಂತ ಗೊತ್ತಾಯ್ತು. ನಿಜ ಹೇಳಿದ್ರೆ ಅವರಿಗೆ ಬೇಜಾರು. ಸುಳ್ಳು ಹೇಳಿದ್ರೆ ಇವರ ಮುಂದೆ ನಾನು ಸುಳ್ಳ. ಪುಸ್ತಕ ಅಂದುಬಿಟ್ರೆ ಯಾರಿಗೂ ಬೇಜಾರಾಗಲ್ಲ ಅಂದ್ಕೊಂಡೆ. ಯಜಮಾನರು ಅದನ್ನ ಮುಟ್ಟಲ್ಲ ಅಂತ ನೀವೇ ಹೇಳಿದ್ರಿ. ಕೈ ಚಾಚ್ತಾರೆ ಅಂತ ನಂಗೆ ಹೊಳೀಲಿಲ್ಲ."

"ನಿಜವಾಗಿ?"

ಅವನು ಅಂಗೈಯಿಂದ ಹಣೆಯ ಬೆವರು ಒರೆಸಿಕೊಂಡ. "ಸ್ವಲ್ಪ ಹೊಳೆದಿತ್ತು" ಅಂದ. "ನಿಮ್ಮ ಮೇಲೆ ಸಿಟ್ಟೂ ಬಂದಿತ್ತು."

ಮಗಳ ಮುಖ ಬಿಗಿದುಕೊಂಡಿತು. ಅವಳು ಹೇಳಿಕೊಟ್ಟ ಮಾತು ಇದಲ್ಲ ಎಂದು ನನಗೆ ತಿಳಿಯಿತು. ಎಂಟು ತಿಂಗಳಲ್ಲಿ ಅವನ ಬಾಯಿಂದ ಯಾರಿಗೂ ಹಿತವಾಗದ ಮಾತು ಬಂದದ್ದು ಅದೇ ಮೊದಲು. ಅದು ನನ್ನ ಮುಂದೆ ಬಂತು, ನನ್ನ ಕೈಯಲ್ಲಿ ಅವನಿಗೆ ಬೇಕಾದ್ದು ಇದ್ದಾಗ. ಅದನ್ನು ಎತ್ತಿ, ತೂಗಿ, ತಿರುಗಿಸಿ ನೋಡಿದೆ. ಇದೂ ಒಂದು ಚಾಲಾಕಿ ಇರಬಹುದು. ಈ ಮುದುಕನಿಗೆ ನೇರ ಮಾತು ಹಿಡಿಸುತ್ತದೆ ಎಂದು ಅಳೆದು ನೇರ ಮಾತನ್ನೇ ಕೊಟ್ಟಿರಬಹುದು. ನೋಡುತ್ತಾ ಹೋದರೆ ಇದಕ್ಕೆ ತುದಿಯಿಲ್ಲ.

"ಸರಿ ಹೋಗಿ ಬಾ" ಅಂದೆ. ಹೌದು, ಇಲ್ಲ ಏನೂ ಹೇಳಲಿಲ್ಲ. ಅವನೂ ಕೇಳಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಇಳಿದು ಹೋದ.

ಬಾಗಿಲು ತೆರೆದೇ ಇತ್ತು. ಮೊದಲ ಮಹಡಿಯಲ್ಲಿ ಒಂಟಿ ಅಜ್ಜಿಯೊಬ್ಬರಿದ್ದಾರೆ, ಜಗಳಗಂಟಿ, ಅವರ ಬೆಕ್ಕಿಗೆ ಒಂದು ಕಣ್ಣಿಲ್ಲ. ಕೆಳಗಿನಿಂದ ಅವನ ದನಿ ಕೇಳಿತು, ಕಟ್ಟೆ ಒಡೆದಂತೆ. "ಅಜ್ಜಿ, ಎಂಥಾ ಬೆಕ್ಕು ಅಜ್ಜಿ ನಿಮ್ಮದು. ಏನು ಮೈ, ಏನು ಬಾಲ. ಇಂಥಾ ಬೆಕ್ಕನ್ನ ನಾನು ಹುಟ್ಟಿದ ಮೇಲೆ ನೋಡಿಲ್ಲ." ಅಜ್ಜಿ ಏನೋ ಗದರಿದರು. "ಇಲ್ಲ ಅಜ್ಜಿ, ಸತ್ಯವಾಗಿ" ಅಂದ. ಸ್ವಲ್ಪ ಹೊತ್ತಿಗೆ ಅಜ್ಜಿ ಬೆಕ್ಕಿನ ವಯಸ್ಸು ಹೇಳುವುದು ಕೇಳಿಸಿತು.

ಮಗಳು ಲೋಟ ಎತ್ತಿಕೊಂಡು ನನ್ನ ಎದುರಿಗೆ ಬಂದು ಕೂತಳು.

"ಕೇಳಿದ್ದಾಯ್ತಲ್ಲ. ಏನು ಅನ್ಸುತ್ತೆ?"

"ನಂಬಿಕೆ ಬರಲ್ಲ ಕಣಮ್ಮ."

"ನಂಬೋದು ನನ್ನ ಕೆಲಸ ಅಪ್ಪ" ಅಂದಳು. "ನೀವು ಒಪ್ಪಿದ್ರೆ ಸಾಕು."

"ಅವನ ಮಾತು ನಿಂಗೆ ನಿಜ ಅನ್ಸುತ್ತಾ?"

"ಎಲ್ಲಾ ಅಲ್ಲ. ಯಾವುದು ಅಲ್ಲ ಅಂತ ನಂಗೆ ಗೊತ್ತಾಗುತ್ತೆ. ಗೊತ್ತಾದ್ರೂ ಕೇಳ್ತೀನಿ."

ಅವನ ಲೋಟದಲ್ಲಿ ಅರ್ಧ ಟೀ ಉಳಿದಿತ್ತು. ಅವಳು ಸಕ್ಕರೆ ಹಾಕುವುದನ್ನು ಮರೆತಿದ್ದಳೆಂದು ನನ್ನ ಲೋಟದಿಂದಲೇ ನನಗೆ ಗೊತ್ತಿತ್ತು. ನಾನೂ ಹೇಳಿರಲಿಲ್ಲ.

"ಮದುವೆ ತಿಂಗಳ ಕೊನೇಲಿ ಇಟ್ಟುಕೊಳ್ಳಿ" ಅಂದೆ. "ಯಜಮಾನರಿಗೆ ನಾಳೆ ನಾನೇ ಹೋಗಿ ಹೇಳ್ತೀನಿ."

ಅವಳು ಎದ್ದು ಒಳಗೆ ಹೋದಳು. ನಾನು ಕಿಟಕಿಯ ಹತ್ತಿರ ಹೋಗಿ ನಿಂತೆ. ಅವನು ಬೀದಿಗೆ ಬಂದಿದ್ದ, ಒಬ್ಬನೇ. ಯಾರೂ ನೋಡುತ್ತಿಲ್ಲ ಎಂದು ತಿಳಿದಾಗ ಅವನ ಮುಖ ಹೇಗಿರುತ್ತದೆ ಎಂದು ನೋಡಬೇಕಿತ್ತು. ಅವನು ತಿರುಗಲಿಲ್ಲ. ಮೂಲೆಯವರೆಗೂ ಬೆನ್ನೇ ಕಂಡಿತು, ಸ್ವಲ್ಪ ಗೂನಾದ ಬೆನ್ನು, ಬಗ್ಗಿ ಬಗ್ಗಿ ಆದದ್ದೋ ಹುಟ್ಟಿನಿಂದಲೇ ಹಾಗೋ ಅಷ್ಟು ದೂರದಿಂದ ಹೇಳಲಾಗಲಿಲ್ಲ.